ಸೌದೆ ಒಲೆಯ ಹೊಗೆ

ಹೊಸೂರಿನಿಂದ ರಾಯಕೋಟೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಸಾನಮಾವು ಗ್ರಾಮವೂ ಅದೇ ಹೆಸರಿನ ಕಾಯ್ದಿಟ್ಟ ಅರಣ್ಯವೂ ಇವೆ. ರಾಗಿ ಬಲಿಯುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ ಕಾಡನ್ನು ಹಾದು ಆನೆಗಳ ಹಿಂಡು ಇಲ್ಲಿಗೆ ಬರುವುದು ವಾಡಿಕೆ. ಆ ತಿಂಗಳುಗಳಲ್ಲಿ ಕಾಡಂಚಿನಿಂದ ಒಂದು ಹೊರೆ ಸೌದೆ ತರುವುದೆಂದರೆ ಪ್ರಾಣಭಯದ ಕೆಲಸ. ಹಾಗೆ ಅಂಜುತ್ತ ತಂದ ಸೌದೆಯ ಶಾಖದಲ್ಲಿ ಬಹುಪಾಲು ಹಳೆಯ ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಾಗದೆಯೇ ವ್ಯರ್ಥವಾಗುತ್ತದೆ. ಹೊಗೆ ಮಾತ್ರ ಮನೆಯವರ ಪಾಲಿಗೆ ಉಳಿಯುತ್ತದೆ.

ವಾಯುಮಾಲಿನ್ಯವೆಂದೊಡನೆ ಈ ಭಾಗದವರು ಹೊಸೂರಿನ ಕಾರ್ಖಾನೆಗಳ ಕಡೆಗೆ, ಹೆದ್ದಾರಿಯ ಲಾರಿಗಳ ಕಡೆಗೆ ಕೈ ತೋರಿಸುವುದುಂಟು. ಅದು ತಪ್ಪಲ್ಲ. ಆದರೆ ಆ ಹೊಗೆಗೆ ಬಯಲಿದೆ, ಗಾಳಿಯಿದೆ. ಅಡುಗೆಮನೆಯ ಹೊಗೆಗೆ ಇರುವುದು ನಾಲ್ಕು ಗೋಡೆ, ಒಂದು ಬೆಳಕಿಂಡಿ. ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾನೆ ಹೊರಗಿನ ಸ್ಥಿತಿಯೂ ಕೆಡುತ್ತದೆ. ಇರುಳಿನಲ್ಲಿ ನೆಲ ಬೇಗ ತಣಿದು, ತಂಪಾದ ಗಾಳಿ ಕೆಳಗೂ ಬೆಚ್ಚನೆಯ ಗಾಳಿ ಮೇಲೂ ನಿಂತುಬಿಡುವುದರಿಂದ, ಮನೆಯಿಂದ ಹೊರಬಿದ್ದ ಹೊಗೆ ಮೇಲೇರದೆ ಬೀದಿಯಲ್ಲೇ ತಂಗುತ್ತದೆ.

ಹಸಿ ಸೌದೆ ಪೂರ್ತಿಯಾಗಿ ಉರಿಯದು. ಆಗ ಕಾರ್ಬನ್ ಮಾನಾಕ್ಸೈಡ್ ಅನಿಲವೂ ಮಸಿಯ ಸೂಕ್ಷ್ಮ ಕಣಗಳೂ ಹುಟ್ಟುತ್ತವೆ. ಕಣ್ಣುರಿಸುವ ಹೊಗೆಯನ್ನು ಎಲ್ಲರೂ ಬಲ್ಲರು. ಹೆಚ್ಚಿನ ಕೇಡು ಕಣ್ಣಿಗೆ ಕಾಣದ ಕಣಗಳಿಂದ. 2.5 ಮೈಕ್ರಾನಿಗಿಂತ ಚಿಕ್ಕ ಕಣಗಳು, ಅಂದರೆ ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಸಣ್ಣವು, ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಒಂದು ಘನಮೀಟರ್ ಗಾಳಿಯಲ್ಲಿ ಇವುಗಳ ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದೆಂಬುದು 2009ರ ನಮ್ಮ ರಾಷ್ಟ್ರೀಯ ಮಾನದಂಡ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಮಿತಿಯನ್ನು 15ಕ್ಕೆ ಇಳಿಸಿತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂಬುದು ಅದೇ ಸಂಸ್ಥೆಯ ಅಂದಾಜು. ಅವರಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಐದು ವರ್ಷದೊಳಗಿನ ಮಕ್ಕಳು.

ಇದಕ್ಕೆ ಉಪಾಯವನ್ನು ದೂರದಲ್ಲಿ ಹುಡುಕಬೇಕಾಗಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ, ತುಮಕೂರು ಜಿಲ್ಲೆಯ ಉಂಗ್ರ ಮೊದಲಾದ ಹಳ್ಳಿಗಳ ಬದುಕನ್ನು ಹತ್ತಿರದಿಂದ ನೋಡಿ ಅಧ್ಯಯನ ನಡೆಸಿತು. ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ. ಬೆಂಕಿಯ ಗೂಡು ಮುಚ್ಚಿದ್ದು. ಕೆಳಗಿನ ಜಾಲರಿಯಿಂದ ಗಾಳಿ ಬರುತ್ತದೆ. ಒಂದೇ ಉರಿ ಸಾಲಾಗಿ ಪಾತ್ರೆಗಳನ್ನು ಕಾಯಿಸಿ, ಉಳಿದ ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತದೆ. 1980ರ ದಶಕದಿಂದ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಒಲೆಗಳು ದೊಡ್ಡ ಸಂಖ್ಯೆಯಲ್ಲಿ ನಿರ್ಮಾಣವಾದವು. ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರಬೇಕು, ಚಿಮಣಿಯ ಮಸಿಯನ್ನು ಆಗಾಗ ತೆಗೆಯಬೇಕು. ಈ ಎರಡು ತಪ್ಪಿದರೆ ಹೊಸ ಒಲೆಯೂ ಹಳೆಯದರಂತೆಯೇ ಮನೆ ತುಂಬ ಹೊಗೆಯಾಡುತ್ತದೆ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅನಿಲದ ಒಲೆ ಬಡವರ ಮನೆಯನ್ನೂ ಸೇರಿತು. ಆದರೂ ಸಿಲಿಂಡರಿನ ಬೆಲೆಗೆ ಹೆದರಿ, ಚಹಾಕ್ಕೆ ಅನಿಲ, ಮುದ್ದೆಗೂ ಸ್ನಾನದ ನೀರಿಗೂ ಸೌದೆ ಎಂದು ಪಾಲು ಮಾಡಿಕೊಂಡ ಮನೆಗಳು ಹಳ್ಳಿಗಳಲ್ಲಿ ಎಷ್ಟೋ ಇವೆ. ಬಚ್ಚಲೊಲೆಗೆ ಪ್ಲಾಸ್ಟಿಕ್ ಹಾಳೆ ತುರುಕಿ ಬೆಂಕಿ ಹೊತ್ತಿಸುವ ಹೊಸ ರೂಢಿಯಂತೂ ಸೌದೆಯ ಹೊಗೆಗಿಂತ ಕೆಟ್ಟದ್ದು. ಚಳಿಗೆ ಆ ಒಲೆಯ ಮುಂದೆಯೇ ಪುಸ್ತಕ ಹಿಡಿದು ಕೂರುವವರು ಶಾಲೆಯ ಮಕ್ಕಳು. ಸೌದೆಯನ್ನು ಸಣ್ಣಗೆ ಸೀಳಿ, ಮಳೆಗೆ ಮೊದಲೇ ಸೂರಿನಡಿ ಒಣಗಿಸಿಟ್ಟರೆ ಹೊಗೆ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಕಾಡಿಗೆ ಹೋಗುವ ಸರದಿಯೂ ಕಡಿಮೆಯಾಗುತ್ತದೆ.