ಕಬ್ಬಾಳುದುರ್ಗದ ಲೇಖನ ಕನಕಪುರಕ್ಕೆ ಬರುವ ದಾರಿ

ಕಬ್ಬಾಳಮ್ಮನ ದರ್ಶನಕ್ಕೆ ಕನಕಪುರ, ಚನ್ನಪಟ್ಟಣ, ರಾಮನಗರದ ಕಡೆಯಿಂದ ವಾರವಾರವೂ ಜನ ಹೋಗುತ್ತಾರೆ. ಹರಕೆ ತೀರಿಸಿ, ಕಾಲಲ್ಲಿ ಕಸುವಿದ್ದವರು ದುರ್ಗವನ್ನೂ ಹತ್ತಿ ಬರುತ್ತಾರೆ. ಆ ಬೆಟ್ಟದ ಬುಡದಲ್ಲಿರುವ ಕಲ್ಲುಗಣಿಯೊಂದನ್ನು ನೋಡಲೆಂದೇ ದೇಶ ವಿದೇಶದ ಭೂವಿಜ್ಞಾನಿಗಳು ದಶಕಗಳಿಂದ ಬರುತ್ತಿದ್ದಾರೆ ಎಂಬುದು ಸುತ್ತಲ ಊರುಗಳಲ್ಲಿ ಎಷ್ಟು ಜನಕ್ಕೆ ಗೊತ್ತು? 1960ರಲ್ಲಿ ಸಿ.ಎಸ್. ಪಿಚ್ಚಮುತ್ತು ಅವರು ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಎರಡು ಪುಟದ ಲೇಖನವೊಂದನ್ನು ಪ್ರಕಟಿಸಿದರು. ಬೂದು ಬಣ್ಣದ ನೈಸ್ ಶಿಲೆ ಚಾರ್ನೊಕೈಟ್ ಎಂಬ ಹಸಿರುಗಪ್ಪು ಶಿಲೆಯಾಗಿ ಮಾರ್ಪಡುತ್ತಿದ್ದದ್ದು ಇಲ್ಲಿ ಅರ್ಧಕ್ಕೇ ನಿಂತಿದೆ, ಒಂದೇ ಬಂಡೆಯಲ್ಲಿ ಎರಡನ್ನೂ ಕಣ್ಣಾರೆ ಕಾಣಬಹುದು ಎಂಬುದು ಅದರ ಸಾರ. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಎ.ಎಸ್. ಜನಾರ್ದನ್ ಅವರು ಷಿಕಾಗೋದ ನ್ಯೂಟನ್ ಮತ್ತು ಸ್ಮಿತ್ ಜೊತೆ ಸೇರಿ ಅದೇ ಪತ್ರಿಕೆಯಲ್ಲಿ ಇದಕ್ಕೆ ಕಾರಣವನ್ನು ಮುಂದಿಟ್ಟರು. ಭೂಮಿಯ ಆಳದಿಂದ ಏರಿಬಂದ ಇಂಗಾಲದ ಡೈಆಕ್ಸೈಡ್ ಶಿಲೆಯೊಳಗಿನ ನೀರಿನ ಅಂಶವನ್ನು ತಗ್ಗಿಸಿದ್ದೇ ಈ ಮಾರ್ಪಾಡಿಗೆ ಮೂಲ ಎಂದರು. ಆಮೇಲೆ ಕಬ್ಬಾಳುದುರ್ಗದ ಹೆಸರು ಹೊತ್ತ ಲೇಖನಗಳು ಒಂದರ ಹಿಂದೆ ಒಂದು ಬಂದವು.

ಕನಕಪುರದಲ್ಲಿ ಡಿಗ್ರಿ ಓದುವ ಹುಡುಗಿಯೊಬ್ಬಳು ತನ್ನ ಮನೆದೇವರ ಬೆಟ್ಟದ ಮೇಲೆ ಬರೆದ ಆ ಎರಡು ಪುಟಗಳನ್ನು ಓದಲು ಬಯಸಿದರೆ ಏನು ಮಾಡಬೇಕು? ಈ ಪ್ರಶ್ನೆ ನನಗೆ ಬಹಳ ಮುಖ್ಯವೆನಿಸುತ್ತದೆ. ನಮ್ಮ ನೆಲದ ಬಗ್ಗೆ ಜಗತ್ತು ತಿಳಿದುಕೊಂಡದ್ದನ್ನು ಈ ನೆಲದ ಮಕ್ಕಳೇ ಓದಲಾಗದಿದ್ದರೆ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ಓದುವ ದಾರಿ ಇದೆ, ಅದು ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಹೋಗುತ್ತದೆ.

ಗ್ರಂಥಾಲಯ ಎಂದರೆ ನಮ್ಮ ಕಣ್ಣಮುಂದೆ ಬರುವುದು ಪುಸ್ತಕದ ಕಪಾಟು. ಹೊಸ ತಿಳಿವಳಿಕೆ ಮೊದಲು ಕಾಣಿಸಿಕೊಳ್ಳುವುದು ಪುಸ್ತಕದಲ್ಲಲ್ಲ, ಜರ್ನಲ್ಲಿನಲ್ಲಿ. ವಿದ್ವಾಂಸರು ಬರೆದದ್ದನ್ನು ಅದೇ ವಿಷಯ ಬಲ್ಲ ಬೇರೆಯವರು ಪರೀಕ್ಷಿಸಿ ಒಪ್ಪಿದ ಮೇಲೆ ಅದು ಅಚ್ಚಾಗುತ್ತದೆ. ಪುಸ್ತಕಕ್ಕೆ ಬರುವ ಹೊತ್ತಿಗೆ ಹಲವು ವರ್ಷ ಕಳೆದಿರುತ್ತದೆ, ಎಷ್ಟೋ ಲೇಖನಗಳು ಪುಸ್ತಕಕ್ಕೆ ಬರುವುದೇ ಇಲ್ಲ. ಪ್ರತಿ ಲೇಖನಕ್ಕೂ ಒಂದು ವಿಳಾಸವಿರುತ್ತದೆ: ಲೇಖಕರ ಹೆಸರು, ವರ್ಷ, ಶೀರ್ಷಿಕೆ, ಜರ್ನಲ್ಲಿನ ಹೆಸರು, ಸಂಪುಟ, ಪುಟ. ಪಿಚ್ಚಮುತ್ತು ಅವರ ಲೇಖನದ್ದು ನೇಚರ್, ಸಂಪುಟ 188, ಪುಟ 135–136. ಇಷ್ಟು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ.

ರಾಮನಗರ ಸೀಮೆಯ ಕಾಲೇಜುಗಳಿಗೆ ಈ ವಿಚಾರದಲ್ಲಿ ಭೂಗೋಳ ಅನುಕೂಲವಾಗಿಯೇ ಇದೆ. ಇವು ಸೇರಿರುವ ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಹುಟ್ಟಿತು. ಅದರ ಜ್ಞಾನಭಾರತಿ ಆವರಣ ಮೈಸೂರು ರಸ್ತೆಯ ಪಕ್ಕಕ್ಕೇ ಇದೆ. ಚನ್ನಪಟ್ಟಣದಿಂದಲೋ ರಾಮನಗರದಿಂದಲೋ ಬೆಂಗಳೂರಿನ ಬಸ್ಸು ಹತ್ತಿದರೆ ಬಿಡದಿ, ಕೆಂಗೇರಿ ದಾಟಿದೊಡನೆ ಸಿಗುತ್ತದೆ. ಅಲ್ಲೇ ಆ ರಸ್ತೆಯಲ್ಲೇ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆವರಣವೂ ಇದ್ದು, 1962ರಲ್ಲಿ ಎಸ್.ಆರ್. ರಂಗನಾಥನ್ ಬೆಂಗಳೂರಿನಲ್ಲಿ ಕಟ್ಟಿದ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈಗ ಅದರೊಳಗಿದೆ. ಓದುಗರ ಹೊತ್ತು ಹಾಳಾಗಬಾರದೆಂದು 1931ರಷ್ಟು ಹಿಂದೆಯೇ ಗ್ರಂಥಾಲಯಕ್ಕೆ ಸೂತ್ರ ಬರೆದವರು ಅವರು. ಪುಸ್ತಕದ ಒಳಗಿನ, ಪತ್ರಿಕೆಯ ಒಳಗಿನ ಸಣ್ಣ ಲೇಖನವೂ ಕೇಳಿದವರ ಕೈಗೆ ಸಿಗುವಂತಿರಬೇಕು ಎಂದು ಹಠ ಹಿಡಿದು ದುಡಿದ ಅವರು ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ.

ಇನ್ನು ಹುಡುಕಾಟಕ್ಕೆ ಬರೋಣ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಮೊದಲು ಗೂಗಲ್ ಸ್ಕಾಲರ್‌ಗೆ ಹೋಗುತ್ತಾರೆ, ಅದರಲ್ಲೇನೂ ತಪ್ಪಿಲ್ಲ. ಲೇಖನ ಇದೆ ಎಂದು ಅದು ತೋರಿಸುತ್ತದೆ, ಆದರೆ ಒತ್ತಿದೊಡನೆ ಪ್ರಕಾಶಕರ ಪುಟ ತೆರೆದುಕೊಂಡು ಒಂದು ಲೇಖನಕ್ಕೆ 30–40 ಡಾಲರ್ ಕೇಳುತ್ತದೆ. ಬಹಳ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ಆ ಹಣವನ್ನು ವಿದ್ಯಾರ್ಥಿ ಕೊಡಬೇಕಾಗಿಲ್ಲ. ಅವರ ಪರವಾಗಿ ಗ್ರಂಥಾಲಯ ಚಂದಾ ಕಟ್ಟಿರುತ್ತದೆ. ಕ್ಯಾಂಪಸ್ಸಿನ ಇಂಟರ್ನೆಟ್ಟಿನಲ್ಲಿ ಅದೇ ಪುಟ ತೆರೆದರೆ ಬೀಗ ತಾನಾಗಿ ತೆರೆದುಕೊಳ್ಳುತ್ತದೆ, ಮನೆಯಿಂದಾದರೆ ಗ್ರಂಥಪಾಲಕರು ಕೊಟ್ಟ ಲಾಗಿನ್ ಬೇಕು.

ಹುಡುಕುವ ಪದಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಸೋಲುವುದು ಬಹುಮಟ್ಟಿಗೆ ಇಲ್ಲೇ. ‘ರಾಮನಗರ’ ಎಂದು ಹುಡುಕಿದವರಿಗೆ ರಾಮನಗರದ ಬಂಡೆಗಳ ಬಗೆಗಿನ ಅತಿಮುಖ್ಯ ಬರಹಗಳು ಸಿಗುವುದಿಲ್ಲ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಈ ಊರು ಕ್ಲೋಸ್‌ಪೇಟೆ ಆಗಿತ್ತಲ್ಲ, ‘ಶೋಲೆ’ ಚಿತ್ರದ ಬಂಡೆಗಳೆಂದು ಜನ ಗುರುತಿಸುವ ಕಲ್ಲು ಭೂವಿಜ್ಞಾನದಲ್ಲಿ ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಶಿಲೆಯ ಪಟ್ಟಿ ಉತ್ತರಕ್ಕೆ ಬಳ್ಳಾರಿ ಸೀಮೆಯತ್ತ ಸುಮಾರು 400 ಕಿಲೋಮೀಟರ್ ಚಾಚಿದೆ. ಬಿ.ಪಿ. ರಾಧಾಕೃಷ್ಣ ಅವರು 1956ರಲ್ಲಿ ಇದರ ಮೇಲೇ ಒಂದು ಗ್ರಂಥ ಪ್ರಕಟಿಸಿದರು. ಆ ಹಳೆಯ ಹೆಸರು ಟೈಪ್ ಮಾಡಿದರೆ ಸಾಕು, ಫ್ರಾನ್ಸಿನವರೂ ಇಲ್ಲಿಯವರೂ ಬರೆದ ಲೇಖನಗಳು ಸಾಲುಗಟ್ಟಿ ಬರುತ್ತವೆ. ಕನಕಪುರಕ್ಕೆ ಕಾನಕಾನಹಳ್ಳಿಯ ಹಳೆಯ ಇಂಗ್ಲಿಷ್ ಕಾಗುಣಿತವನ್ನೂ ಹಾಕಿ ನೋಡಬೇಕು. 1905ರಲ್ಲಿ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೇ ಸಂಪುಟದಲ್ಲಿ ಈ ಸೀಮೆಯ ಶಾಸನಗಳಿವೆ, ಅಲ್ಲಿ ಸಿಗುವುದು ಆ ಹೆಸರೇ.

ಊರಿನ ಹೆಸರಿಗಷ್ಟೇ ಇದು ಮುಗಿಯುವುದಿಲ್ಲ. ರೇಷ್ಮೆ ಬೆಳೆಗಾರರು ಹಾಲುತೊಂಡೆ ಎನ್ನುವ ರೋಗ ಜರ್ನಲ್ಲಿನಲ್ಲಿ ಗ್ರಾಸರಿ, ಸುಣ್ಣಕಟ್ಟು ಮಸ್ಕಾರ್ಡಿನ್, ಗಂಟುರೋಗ ಪೆಬ್ರಿನ್. ಹುಳುವಿಗೆ ಅಲ್ಲಿ ಬಾಂಬಿಕ್ಸ್ ಮೋರಿ ಎಂದು ಹೆಸರು. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆಮರ ರೈಟಿಯಾ ಟಿಂಕ್ಟೋರಿಯಾ. ಮಾಗಡಿಯ ರೇಷ್ಮೆ ರೈತನ ಮಗನಿಗೆ ರೋಗದ ಲಕ್ಷಣ ಅಪ್ಪನಿಂದಲೇ ಗೊತ್ತಿರುತ್ತದೆ. ಈ ಹೆಸರೊಂದು ಸಿಕ್ಕರೆ ಮೈಸೂರು, ಜಪಾನ್, ಚೀನಾದಲ್ಲಿ ಅದರ ಬಗ್ಗೆ ನಡೆದ ಪ್ರಯೋಗಗಳೆಲ್ಲ ತೆರೆದುಕೊಳ್ಳುತ್ತವೆ. ಅಂದ ಹಾಗೆ, ರೇಷ್ಮೆಯ ಅಂತಾರಾಷ್ಟ್ರೀಯ ಆಯೋಗ ಫ್ರಾನ್ಸಿನ ಲಿಯಾನ್‌ನಿಂದ ಈಗ ಬೆಂಗಳೂರಿಗೇ ಬಂದಿದೆ, ‘ಸೆರಿಕೊಲೊಜಿಯಾ’ ಎಂಬ ಜರ್ನಲ್ ಅದರದ್ದು.

ಚಂದಾ ಯಾರು ಕಟ್ಟುತ್ತಾರೆ? ಹಿಂದೆ ಒಂದೊಂದು ವಿಶ್ವವಿದ್ಯಾಲಯವೂ ತನ್ನ ಶಕ್ತಿಯಿದ್ದಷ್ಟು ಕಟ್ಟುತ್ತಿತ್ತು. ಸಣ್ಣ ಊರಿನ ಕಾಲೇಜಿಗೆ ಆ ಶಕ್ತಿ ಇರಲಿಲ್ಲ. ಗುಜರಾತಿನ ಗಾಂಧಿನಗರದಲ್ಲಿರುವ, ಯುಜಿಸಿಗೆ ಸೇರಿದ ಇನ್‌ಫ್ಲಿಬ್‌ನೆಟ್ ಕೇಂದ್ರ 2010ರಲ್ಲಿ ಎನ್-ಲಿಸ್ಟ್ ಎಂಬ ಯೋಜನೆ ತಂದು ಕಾಲೇಜುಗಳಿಗೂ ಆರು ಸಾವಿರಕ್ಕೂ ಹೆಚ್ಚು ಇ-ಜರ್ನಲ್‌ಗಳನ್ನು ತೆರೆದಿಟ್ಟಿತು. ದೊಡ್ಡ ಹೆಜ್ಜೆ ಬಂದದ್ದು ಇತ್ತೀಚೆಗೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಐಐಎಸ್‌ಸಿಯ ವಿದ್ಯಾರ್ಥಿ ಓದುವ ಜರ್ನಲ್ಲನ್ನೇ ಚನ್ನಪಟ್ಟಣದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ವಿದ್ಯಾರ್ಥಿಯೂ ಓದಬಹುದು ಎಂಬುದೇ ಇದರ ಆಶಯ. ಇಂಥದೊಂದು ಸಮಾನತೆ ನಮ್ಮ ಉನ್ನತ ಶಿಕ್ಷಣದಲ್ಲಿ ಹಿಂದೆಂದೂ ಇರಲಿಲ್ಲ.

ಕೊರತೆಗಳೂ ಇವೆ, ಹೇಳಲೇಬೇಕು. ಯೋಜನೆ ಸರ್ಕಾರಿ ಸಂಸ್ಥೆಗಳಿಂದ ಶುರುವಾಗಿದೆ. ಹಳ್ಳಿ ಮಕ್ಕಳನ್ನು ಓದಿಸಿದ ಕೀರ್ತಿ ನಮ್ಮ ಕಡೆ ಅನುದಾನಿತ ಖಾಸಗಿ ಕಾಲೇಜುಗಳಿಗೂ ಸಲ್ಲಬೇಕು, ಅಲ್ಲಿಯ ವಿದ್ಯಾರ್ಥಿಗಳೂ ಬೇಗ ಇದರೊಳಗೆ ಬರಬೇಕು. ಎರಡನೆಯದು, ಚಂದಾ ಇದ್ದಮಾತ್ರಕ್ಕೆ ಜರ್ನಲ್ಲಿನ ಎಲ್ಲ ವರ್ಷಗಳೂ ಸಿಗುತ್ತವೆಂದಲ್ಲ. ಹಳೆಯ ಸಂಪುಟಗಳನ್ನು ಪ್ರಕಾಶಕರು ಎಷ್ಟೋ ಬಾರಿ ಬೇರೆಯಾಗಿ ಮಾರುತ್ತಾರೆ. 1960ರ ಲೇಖನ ಪರದೆಯ ಮೇಲೆ ತೆರೆಯದಿದ್ದರೆ ಹಳೆಯ ದಾರಿಯೇ ಗತಿ: ದೊಡ್ಡ ಗ್ರಂಥಾಲಯದ ಬೌಂಡ್ ವಾಲ್ಯೂಮ್‌ಗಳ ಸಾಲಿನಲ್ಲಿ 188ನೇ ಸಂಪುಟ ಹುಡುಕಿ, ಧೂಳು ಒರೆಸಿ, ಆ ಎರಡು ಪುಟದ ಜೆರಾಕ್ಸ್ ತೆಗೆಸುವುದು. ಅಲ್ಲೂ ಇಲ್ಲದಿದ್ದರೆ ಗ್ರಂಥಪಾಲಕರಿಗೆ ಒಂದು ಚೀಟಿ ಬರೆದುಕೊಡಬೇಕು. 1988ರಲ್ಲಿ ದೆಹಲಿಯಲ್ಲಿ ಶುರುವಾದ ಡೆಲ್‌ನೆಟ್‌ನಂಥ ಜಾಲದ ಸದಸ್ಯತ್ವವಿದ್ದ ಗ್ರಂಥಾಲಯ ಬೇರೆ ಊರಿನಿಂದ ಪ್ರತಿ ತರಿಸಿಕೊಡುತ್ತದೆ. ಕೇಳಬೇಕಷ್ಟೆ. ಕೇಳಲು ಸಂಕೋಚಪಡುವ ಮಕ್ಕಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಗ್ರಂಥಪಾಲಕರು ಇರುವುದೇ ಅದಕ್ಕೆ.

ಎಲ್ಲಕ್ಕೂ ಚಂದಾ ಬೇಕಿಲ್ಲ ಎಂಬುದೂ ಗೊತ್ತಿರಲಿ. ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವೆಂದು ಘೋಷಣೆಯಾಯಿತು. ಅದಕ್ಕೂ ಮೊದಲೇ, 2006ರಲ್ಲಿ, ಅಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡುಕಟ್ಟಿ ಮರಿ ಮಾಡುತ್ತಿದ್ದುದನ್ನು ‘ಇಂಡಿಯನ್ ಬರ್ಡ್ಸ್’ ದಾಖಲಿಸಿತ್ತು. ಈ ಜರ್ನಲ್ಲನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು. ಪಿಎಚ್‌ಡಿ ಮಹಾಪ್ರಬಂಧಗಳಿಗಾಗಿ ಇನ್‌ಫ್ಲಿಬ್‌ನೆಟ್ಟಿನದೇ ಶೋಧಗಂಗಾ ಇದೆ, ಅಲ್ಲೂ ಲಾಗಿನ್ ಬೇಡ. ಕನ್ನಡದಲ್ಲಿ ಬರೆದ ಪ್ರಬಂಧಗಳೂ ಅಲ್ಲಿವೆ. ಒಂದು ಪ್ರಬಂಧ ತೆರೆದು ಅದರ ಕೊನೆಯ ಗ್ರಂಥಋಣ ಪುಟಗಳಿಗೆ ಹೋದರೆ, ಮಾರ್ಗದರ್ಶಕರಿಲ್ಲದವರಿಗೂ ಓದಬೇಕಾದ ಲೇಖನಗಳ ಪಟ್ಟಿ ಸಿದ್ಧವಾಗಿ ಸಿಗುತ್ತದೆ.

ಕನ್ನಡದ ವಿದ್ವತ್ ಪತ್ರಿಕೆಗಳ ಕಥೆ ಬೇರೆ. 1916ರಲ್ಲಿ ಶುರುವಾದ ಪರಿಷತ್ ಪತ್ರಿಕೆ, 1919ರ ‘ಪ್ರಬುದ್ಧ ಕರ್ನಾಟಕ’ ಇವುಗಳ ಹಳೆಯ ಸಂಚಿಕೆಗಳಲ್ಲಿ ಏನೇನಿದೆ ಎಂದು ಲೇಖನ ಲೇಖನವಾಗಿ ಹುಡುಕಿಕೊಡುವ ವ್ಯವಸ್ಥೆ ಇಂಗ್ಲಿಷಿನ ಜರ್ನಲ್‌ಗಳಿಗೆ ಇರುವಂತೆ ಇವಕ್ಕಿಲ್ಲ. ಕೆಂಪೇಗೌಡರ ಮಾಗಡಿಯ ಬಗ್ಗೆಯೋ ಸಾವನದುರ್ಗದ ಬಗ್ಗೆಯೋ ಕನ್ನಡದಲ್ಲಿ ಯಾರು ಏನು ಬರೆದಿದ್ದಾರೆಂದು ತಿಳಿಯಲು ಕಪಾಟಿನ ಮುಂದೆ ಕೂತು ಪರಿವಿಡಿ ತಿರುವಿಹಾಕಬೇಕು.

ಈ ಕೆಲಸವನ್ನು ನಮ್ಮ ನಾಲ್ಕು ತಾಲ್ಲೂಕಿನ ಕಾಲೇಜುಗಳು ಹಂಚಿಕೊಂಡು ಮಾಡಬಾರದೇಕೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಮೇಲೆ ಎಲ್ಲಿ ಯಾವ ಭಾಷೆಯಲ್ಲಿ ಲೇಖನ ಬಂದಿದ್ದರೂ ಅದರ ವಿಳಾಸವನ್ನು ಒಂದು ಪಟ್ಟಿಗೆ ಸೇರಿಸಿ, ಎಲ್ಲಿ ಸಿಗುತ್ತದೆಂದು ಮುಂದೆ ಬರೆದಿಟ್ಟರೆ ಸಾಕು. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಅದನ್ನೇ ಪ್ರಾಜೆಕ್ಟ್ ಆಗಿ ಕೊಡಬಹುದು. ಪಟ್ಟಿಯ ಮೊದಲ ನಾಲ್ಕೈದು ನಮೂದುಗಳು ಈ ಲೇಖನದಲ್ಲೇ ಸಿಗುತ್ತವೆ.