ಒಂದೇ ಸಾಕೆಟ್ಟಿಗೆ ಎಷ್ಟು ಹೊರೆ?

ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದ್ದು 1905ರ ಆಗಸ್ಟ್ ತಿಂಗಳಲ್ಲಿ. ಶಿವನಸಮುದ್ರದಿಂದ ಹರಿದುಬಂದ ಆ ಶಕ್ತಿ ಅಂದು ದಾರಿಗೆ ಬೆಳಕು ನೀಡಿತು. ಇಂದು ಅದೇ ವಿದ್ಯುಚ್ಛಕ್ತಿಯಿಂದ ನಾವು ನೀರು ಕಾಯಿಸುತ್ತೇವೆ, ಅಡಿಗೆ ಮಾಡುತ್ತೇವೆ, ಬಟ್ಟೆಗೆ ಇಸ್ತ್ರಿ ಹಾಕುತ್ತೇವೆ. ಆದರೆ ಮನೆಯ ಗೋಡೆಯಲ್ಲಿರುವ ಸಾಕೆಟ್ಟಿಗೆ ಒಂದು ಮಿತಿಯುಂಟೆಂಬುದನ್ನು ಮಾತ್ರ ಮರೆಯುತ್ತೇವೆ.

ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ಒಂದು ಚಿಕ್ಕ ಬಾಡಿಗೆಯ ಮನೆಯನ್ನು ಊಹಿಸಿಕೊಳ್ಳೋಣ. ಬೆಳಗಿನ ಏಳು ಗಂಟೆ. ಒಬ್ಬರು ಪೀಣ್ಯದ ಕಾರ್ಖಾನೆಗೆ ಹೊರಡಬೇಕು, ಇನ್ನೊಬ್ಬರು ಕಾಲೇಜಿಗೆ. 6 ಆಂಪಿಯರಿನ ಒಂದೇ ಸಾಕೆಟ್ಟಿಗೆ ಕವಲು ಪ್ಲಗ್ಗನ್ನು ಸಿಕ್ಕಿಸಿ, 1,500 ವಾಟಿನ ಹೀಟರ್ ಕಾಯಿಲು, 1,000 ವಾಟಿನ ಇಸ್ತ್ರಿಪೆಟ್ಟಿಗೆ, 500 ವಾಟಿನ ಮಿಕ್ಸಿ ಮೂರನ್ನೂ ಒಮ್ಮೆಗೇ ನಡೆಸುತ್ತಾರೆ. ಒಟ್ಟು 3,000 ವಾಟು. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ ದೊರೆಯುವುದು ಸುಮಾರು 13 ಆಂಪಿಯರು. ಹೀಟರ್ ಕಾಯಿಲೊಂದೇ ಆರೂವರೆ ಆಂಪಿಯರು ಎಳೆಯುವುದರಿಂದ, ಅದೊಂದಕ್ಕೇ ಈ ಸಾಕೆಟ್ಟು ಸಾಲದು!

ಮಿತಿ ಮೀರಿದರೆ ಆಗುವುದೇನು? ಹಿಂದೆ ಸುಂಕದ ಕಟ್ಟೆಗಳಲ್ಲಿ ಸರಕಿನ ಬಂಡಿಗಳು ಸುಂಕ ತೆತ್ತು ಮುಂದೆ ಸಾಗಬೇಕಾಗಿತ್ತು. ತಂತಿಯ ರೋಧವೂ ವಿದ್ಯುತ್ಪ್ರವಾಹದಿಂದ ಉಷ್ಣರೂಪದಲ್ಲಿ ಸುಂಕ ವಸೂಲು ಮಾಡುತ್ತದೆ. ಬಂಡಿಗಳು ಎರಡರಷ್ಟಾದರೆ ಸುಂಕವೂ ಎರಡರಷ್ಟು. ಆದರೆ ಪ್ರವಾಹವು ಎರಡರಷ್ಟಾದರೆ ಉಷ್ಣವು ನಾಲ್ಕರಷ್ಟು. ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಉಷ್ಣವು ಹೆಚ್ಚುವುದೆಂಬ ಈ ನಿಯಮವನ್ನು ಜೇಮ್ಸ್ ಜೌಲ್ ಎಂಬ ಆಂಗ್ಲ ವಿಜ್ಞಾನಿ 1841ರಲ್ಲಿ ಪ್ರಕಟಿಸಿದನು. ನಮ್ಮ ಉದಾಹರಣೆಯಲ್ಲಿ ಉಷ್ಣವು ನಾಲ್ಕೂವರೆ ಪಟ್ಟಿಗೂ ಮೀರುತ್ತದೆ.

ಪ್ಲಗ್ಗು ಸಡಿಲವಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಆ ಸಂಧಿಯಲ್ಲಿ ಒಂದು ಓಮಿನ ಹತ್ತನೆಯ ಒಂದು ಪಾಲು ರೋಧವಿದ್ದರೂ, 13 ಆಂಪಿಯರಿಗೆ ಸುಮಾರು 17 ವಾಟು ಉಷ್ಣ ಹುಟ್ಟುತ್ತದೆ. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಬೆಸುಗೆಯ ಕಡ್ಡಿಗೆ 25 ವಾಟು ಸಾಕು! ತಂತಿಯ ಸಾಮಾನ್ಯ ಪಿ.ವಿ.ಸಿ. ಹೊದಿಕೆ ತಾಳಿಕೊಳ್ಳುವುದು 70 ಡಿಗ್ರಿ ಸೆಲ್ಸಿಯಸ್ಸಿನವರೆಗೆ. ಆಮೇಲೆ ಅದು ಮೆತ್ತಗಾಗಿ, ಕಂದಿ, ಕೊನೆಗೆ ಹೊತ್ತಿಕೊಳ್ಳಲೂಬಹುದು.

“ಮನೆಯಲ್ಲಿ ಎಂ.ಸಿ.ಬಿ. ಇದೆಯಲ್ಲ?” ಎಂದು ಕೆಲವರು ಕೇಳಬಹುದು. ಅದು 16 ಆಂಪಿಯರಿನದಾಗಿದ್ದರೆ 13 ಆಂಪಿಯರನ್ನು ತಡೆಯುವುದೇ ಇಲ್ಲ. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು. ಅಗ್ಗದ ಕವಲು ಪ್ಲಗ್ಗನ್ನಲ್ಲ. ಸೋರುವ ವಿದ್ಯುತ್ತನ್ನು ಪತ್ತೆಹಚ್ಚುವ ಸಾಧನಕ್ಕೂ ಹೊರೆಯ ಅರಿವಿರುವುದಿಲ್ಲ. ಎಂ.ಸಿ.ಬಿ. ಪದೇ ಪದೇ ಬೀಳುವುದೆಂದು ದೊಡ್ಡದನ್ನು ಹಾಕಿಸುವುದು, ಫ್ಯೂಜಿಗೆ ದಪ್ಪ ತಂತಿ ಕಟ್ಟುವುದು, ಕಾವಲುಗಾರನ ಕಣ್ಣು ಕಟ್ಟಿದಂತೆಯೇ ಸರಿ.

ಆದ್ದರಿಂದ ನಾವು ಮಾಡಬೇಕಾದುದು ಇಷ್ಟು. ಉಪಕರಣದ ಮೇಲಿನ ವಾಟುಗಳನ್ನು ಓದಿ, ಕೂಡಿಸಿ, 230ರಿಂದ ಭಾಗಿಸಬೇಕು. ನೀರು ಕಾಯಿಸುವ ಸಾಧನಕ್ಕೆ 16 ಆಂಪಿಯರಿನ ಸಾಕೆಟ್ಟನ್ನೂ ಅದಕ್ಕೆ ತಕ್ಕ ದಪ್ಪ ತಂತಿಯನ್ನೂ ಪ್ರತ್ಯೇಕವಾಗಿ ಹಾಕಿಸಬೇಕು. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಮತ್ತೊಂದನ್ನು ಪೋಣಿಸಬಾರದು. ಪ್ಲಗ್ಗು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಮೇನ್ ಸ್ವಿಚ್ಚನ್ನು ಆರಿಸಿ ನುರಿತ ಎಲೆಕ್ಟ್ರಿಷಿಯನ್ನನನ್ನು ಕರೆಸಬೇಕು. ವಿದ್ಯುತ್ತು ಹರಿಯುತ್ತಿರುವ ಬೆಂಕಿಗೆ ನೀರೆರಚುವುದು ಪ್ರಾಣಾಪಾಯಕರ.

ಹೊಸ ಸಾಕೆಟ್ಟು ಹಾಕಿಸುವುದು ಬಾಡಿಗೆಯವರ ಕೈಯಲ್ಲಿ ಇಲ್ಲದಿರಬಹುದು. ಆದರೆ ಮಿಕ್ಸಿ ನಿಂತ ಮೇಲೆ ಇಸ್ತ್ರಿ ಹಾಕುವುದು ಎಲ್ಲರ ಕೈಯಲ್ಲಿಯೂ ಇದೆ. ಕಾಯಿಲನ್ನಂತೂ ಆ 6 ಆಂಪಿಯರಿನ ಸಾಕೆಟ್ಟಿನಿಂದ ದೂರವಿಡುವುದೇ ಲೇಸು. ಶಾಲೆಯಲ್ಲಿ ಕಲಿತ ಭಾಗಾಕಾರ ಮನೆಯನ್ನು ಕಾಯುವುದಾದರೆ, ವಿದ್ಯೆಗೆ ಅದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಬೇಕೆ?