ಕಾಶಾನಿನ ನೀಲಿಯಲ್ಲಿ ಚಹಾದ ಕೂಜ

ಪರ್ಷಿಯಾದ ಹಳೆಯ ಕುಂಬಾರಿಕೆಯ ಜಾಡಿನಲ್ಲಿ ಟೀ ಪಾಟ್ ಮಾಡುತ್ತೇವೆ ಎಂದರೆ ಇತಿಹಾಸ ಬಲ್ಲವರು ನಕ್ಕಾರು. 12, 13ನೇ ಶತಮಾನಗಳಲ್ಲಿ ಕಾಶಾನ್ ಪಟ್ಟಣದ ಕುಂಬಾರರು ತಮ್ಮ ಶ್ರೇಷ್ಠ ಬಟ್ಟಲು, ಹೂಜಿಗಳನ್ನು ಸುಡುತ್ತಿದ್ದಾಗ ಅಲ್ಲಿನ ಮನೆಗಳಲ್ಲಿ ಚಹಾದ ರೂಢಿ ಇರಲಿಲ್ಲ. ಇರಾನಿನ ಜನಸಾಮಾನ್ಯರಿಗೆ ಅದು ಹತ್ತಿದ್ದು 19ನೇ ಶತಮಾನದಲ್ಲಿ. ಗಿಲಾನ್ ಪ್ರಾಂತ್ಯದ ಲಾಹಿಜಾನಿನಲ್ಲಿ ತೋಟ ಎದ್ದದ್ದು 1900ರ ಆಸುಪಾಸಿನಲ್ಲಿ, ಅದೂ ರಾಜತಾಂತ್ರಿಕ ಕಾಶೆಫ್ ಅಲ್-ಸಲ್ತನೆ ಭಾರತದಿಂದ ಒಯ್ದ ಚಹಾ ಗಿಡಗಳಿಂದ. ಹಾಗಾದರೆ ಈ ಕೂಜ ಬರೀ ವೇಷವೇ? ಅಲ್ಲವೆನ್ನಲು ಕಾಶಾನಿನವರ ಕೆಲಸವೇ ಸಾಕ್ಷಿ. ಅವರ ಕಣ್ಣಿದ್ದದ್ದು ಚೀನಾದ ಬಿಳಿ ಪಿಂಗಾಣಿಯ ಮೇಲೆ. ಅದಕ್ಕೆ ತಕ್ಕ ಮಣ್ಣು ಕೈಗೆಟುಕದಿದ್ದಾಗ ಬೆಣಚುಕಲ್ಲನ್ನು ಕುಟ್ಟಿ ಬೇರೆಯದೇ ಹದ ಕಂಡುಕೊಂಡರು. ಕುಂಬಾರ ಮನೆತನದ ಅಬುಲ್ ಕಾಸಿಂ 1301ರಲ್ಲಿ ಅದರ ಪಾಕವನ್ನು ಬರೆದಿಟ್ಟಿದ್ದಾನೆ: 10 ಪಾಲು ಬೆಣಚುಪುಡಿ, 1 ಪಾಲು ಗಾಜಿನ ಪುಡಿ, 1 ಪಾಲು ಬಿಳಿ ಜೇಡಿ. ಪರರ ಪಾತ್ರೆ ನೋಡಿ ತಮ್ಮದೊಂದು ವಸ್ತುವನ್ನೇ ಹುಟ್ಟಿಸಿದವರಿಂದ ಕಲಿಯಬೇಕಾದದ್ದು ಬಳ್ಳಿಚಿತ್ರವನ್ನಲ್ಲ, ಈ ಜಾಣ್ಮೆಯನ್ನು.

ಆ ಖ್ಯಾತ ವೈಡೂರ್ಯದ ನೀಲಿಯೂ ಬಣ್ಣ ಬಳಿದು ಬಂದದ್ದಲ್ಲ. ಗಿಡಗಳನ್ನು ಸುಟ್ಟ ಬೂದಿಯ ಕ್ಷಾರದಿಂದಾದ ಮೆರುಗಿಗೆ ತಾಮ್ರ ಬೆರೆತರೆ ನೀಲಿ. ಅದೇ ತಾಮ್ರ ಸೀಸದ ಮೆರುಗಿಗೆ ಬಿದ್ದರೆ ಹಸಿರು. ಹಳೆಯ ಬಟ್ಟಲುಗಳಲ್ಲಿ ಈ ಮೆರುಗು ಗಾಜಿನಂತೆ ಕೆಳಗಿಳಿದು, ಪಾದಕ್ಕೆ ತುಸು ಮೇಲೆ ದಪ್ಪ ಹನಿಯಾಗಿ ನಿಂತಿರುತ್ತದೆ. ಅದರಡಿಯಲ್ಲಿ ಕುಂಚದ ಕಪ್ಪು ಗೆರೆ ಮಿನುಗುತ್ತದೆ. ಅಂಗಡಿಯ ಬಿಳಿ ಪಾತ್ರೆಗೆ ಸ್ಟಿಕ್ಕರ್ ಅಂಟಿಸಿದರೆ ಈ ಆಳ ಬಾರದು. (ಇರಾನಿನ ಮೆರುಗಿನ ಕೆಲಸ ನೋಡಲು ಕನ್ನಡಿಗರು ದೂರ ಹೋಗಬೇಕಿಲ್ಲ. ಅದೇ ಗಿಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಗೋಡೆಯಲ್ಲಿ ಆ ಸಂಪ್ರದಾಯದ ಬಿಲ್ಲೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ.)

ಆದರೆ ಕಸುಬುದಾರರ ತಕರಾರು ಇತಿಹಾಸಕಾರರದಕ್ಕಿಂತ ಗಟ್ಟಿಯಾದದ್ದು. ಬೆಣಚಿನ ಮುದ್ದೆಗೆ ಜಿಗುಟಿಲ್ಲ, ತಿಗರಿಯ ಮೇಲೆ ಏಳದೆ ಕುಸಿಯುತ್ತದೆ. ನಿಜ, ಕಾಶಾನಿನವರೂ ಎಷ್ಟೋ ಪಾತ್ರೆಗಳನ್ನು ಅಚ್ಚಿಗೆ ಒತ್ತಿಯೇ ಮಾಡಿದರು. ಇಂದು ಬಿಳಿ ಜೇಡಿಯ ಪಾಲು ಹೆಚ್ಚಿಸಿಕೊಳ್ಳಬಹುದು. ಆದರೆ ಜೇಡಿ ಹೆಚ್ಚಿದಷ್ಟೂ ಕ್ಷಾರದ ಮೆರುಗು ಮೈಗೆ ಹೊಂದದೆ ಕೂದಲೆಳೆಯಂತೆ ಬಿರಿಯುತ್ತದೆ, ಬಿರುಕಿಗೆ ಚಹಾದ ಕಂದು ಇಳಿಯುತ್ತದೆ; ಮೆತ್ತನೆಯ ಮೆರುಗಿನ ತಾಮ್ರ ನಿಂಬೆಹುಳಿಗೆ ಬಿಟ್ಟುಕೊಳ್ಳಲೂಬಹುದು. ಹಾಗಾಗಿ ನೀಲಿ ಹೊರಮೈಗೆ ಮಾತ್ರ ಇರಲಿ, ಅಂಚಿನ ಕೆಳಗೇ ನಿಲ್ಲಲಿ. ಒಳಮೈಗೆ ತಾಮ್ರವಾಗಲಿ ಸೀಸವಾಗಲಿ ಇಲ್ಲದ, ಗಟ್ಟಿಯಾದ ಬಿಳಿ ಮೆರುಗು ಬೇಕು. ಇದು ರಾಜಿಯೆಂದು ಯಾರಾದರೂ ಮೂಗು ಮುರಿದರೆ, ಕುಡಿಯುವ ಪಾತ್ರೆಯಲ್ಲಿ ನಾಜೂಕಿಗಿಂತ ಹೊಟ್ಟೆ ಮುಖ್ಯ ಎಂದಷ್ಟೇ ಹೇಳಬೇಕು.

ಉಳಿದದ್ದು ಕೈಚಳಕ. ಹೊಟ್ಟೆ, ಮೂತಿ, ಹಿಡಿ, ಮುಚ್ಚಳಗಳನ್ನು ಬೇರೆಬೇರೆ ಮಾಡಿ, ಅರೆ ಒಣಗಿದಾಗ ಗೀರಿ, ನೀರುಮಣ್ಣು ಸವರಿ ಜೋಡಿಸಬೇಕು. ಒಂದು ಬೇಗ ಒಣಗಿದರೆ ಬೆಸುಗೆ ಬಿಡುತ್ತದೆ. ಮೂತಿಯ ತುದಿ ಕೂಜದ ಬಾಯಿಗಿಂತ ತಗ್ಗಾದರೆ ತುಂಬುವಾಗಲೇ ಚಹಾ ಸೋರುತ್ತದೆ. ಮುಚ್ಚಳಕ್ಕೆ ಗಾಳಿಕಿಂಡಿ ಇಲ್ಲದಿದ್ದರೆ ಧಾರೆ ತಡೆತಡೆದು ಬೀಳುತ್ತದೆ. ಕಪ್ಪಿಗೆ ಹಿಡಿ ಬೇಡ, ಕಾಶಾನಿನ ಸಣ್ಣ ಬಟ್ಟಲಿನ ಆಕಾರವೇ ಸಾಕು. ಇರಾನಿನವರು ಚಹಾದ ಬಣ್ಣ ಕಾಣಲೆಂದು ಗಾಜಿನ ಲೋಟಕ್ಕೆ ಒಲಿದವರು. ಬಟ್ಟಲಿನ ಬಿಳಿ ಒಳಮೈ ಆ ಕೆಲಸವನ್ನೂ ಮಾಡುತ್ತದೆ.